ಅಗಸಿಯ ಹೊರಗಿನ ಸರಾಯಿ: ನಮ್ಮೂರಿನ ಕಲ್ಲಿನ ಮುಸಾಫಿರಖಾನೆ ಯಾವ ಕಾಲದ್ದು?

ಕಾಗಿಣಾ ದಂಡೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಚಿತ್ತಾಪುರ ಮತ್ತು ಸೇಡಂ ನಡುವೆ, ಕಾಗಿಣಾ ಹೊಳೆಗೆ ಕೂಗಳತೆಯಲ್ಲಿರುವ ಸಣ್ಣ ಊರು. ಊರ ಅಗಸಿಯ ಹೊರಗೆ, ಹಳೆಯ ಬಂಡಿದಾರಿಯ ಮಗ್ಗುಲಿಗೆ, ನಾಲ್ಕೂ ಕಡೆ ಕಲ್ಲಿನ ಗೋಡೆಯುಳ್ಳ ಚೌಕಾಕಾರದ ಕಟ್ಟಡವೊಂದಿದೆ. ಪೂರ್ವಕ್ಕೆ ಎತ್ತರವಾದ ಒಂದೇ ಬಾಗಿಲು, ಒಳಗೆ ಬಯಲು ಅಂಗಳ, ಉಳಿದ ಮೂರು ದಿಕ್ಕಿಗೆ ಪಡಸಾಲೆ, ಅದರ ಹಿಂದೆ ಸಾಲಾಗಿ ಚಿಕ್ಕ ಚಿಕ್ಕ ಕೋಣೆಗಳು. ದಾರಿಹೋಕರು ತಂಗುತ್ತಿದ್ದ ಈ ಜಾಗವನ್ನು ಹಿರಿಯರು ‘ಸರಾಯಿ’ ಎನ್ನುತ್ತಾರೆ, ಕೆಲವರು ಧರ್ಮಶಾಲೆ ಎನ್ನುತ್ತಾರೆ, ಹಳೆಯ ಕಾಗದಪತ್ರಗಳಲ್ಲಿ ಮುಸಾಫಿರಖಾನೆ ಎಂದು ಬರೆದಿದೆ. ನಾನು ಕಂಡಂತೆ ಅದು ಮೊದಲು ಜೋಳದ ಗೋದಾಮಾಗಿತ್ತು, ಆಮೇಲೆ ಶಾಲೆಯಾಯಿತು. ನಾನು ಮೂರನೆಯ ತರಗತಿಯವರೆಗೆ ಓದಿದ್ದು ಅದರ ಉತ್ತರದ ಪಡಸಾಲೆಯಲ್ಲಿಯೇ. ಈಗ ಒಂದು ಕೋಣೆಯಲ್ಲಿ ನ್ಯಾಯಬೆಲೆ ಅಂಗಡಿ ನಡೆಯುತ್ತಿದೆ, ಉಳಿದದ್ದು ಅರ್ಧ ಬಿದ್ದಿದೆ.

ಇದು ಬಹಮನಿ ಕಾಲದ್ದೆಂದೇ ನಾನು ಈವರೆಗೆ ನಂಬಿದ್ದೆ, ಏಕೆಂದರೆ ಇದರ ಕಮಾನುಗಳು ಕಲಬುರಗಿ ಕೋಟೆಯ ಜಾಮಿಯಾ ಮಸೀದಿಯ ಕಮಾನುಗಳಂತೆ ತುದಿಯಲ್ಲಿ ಚೂಪಾಗಿವೆ. ಆದರೆ ಉತ್ತರದ ಪಡಸಾಲೆಯಲ್ಲಿ ಕಮಾನುಗಳ ಬದಲು ಆರು ದುಂಡು ಕಂಬಗಳಿವೆ. ಚಿತ್ತಾಪುರದ ಪಕ್ಕದ ನಾಗಾವಿಯ ಅರವತ್ತು ಕಂಬದ ಗುಡಿಯಲ್ಲಿ ನೋಡಿದ ಕಂಬಗಳನ್ನು ಅವು ನೆನಪಿಗೆ ತರುತ್ತವೆ. ಹಾಗಾದರೆ ಕಟ್ಟಡ ಬಹಮನಿಗಳಿಗಿಂತಲೂ ಹಿಂದಿನದೇ? ಮಾಡು ಸೋರುತ್ತಿರುವುದರಿಂದ ಅದರ ಮೇಲೆ ಸಿಮೆಂಟಿನ ಸ್ಲ್ಯಾಬ್ ಹಾಕಿ ಸಮುದಾಯ ಭವನ ಮಾಡಬೇಕೆಂಬ ಮಾತು ಊರಲ್ಲಿ ನಡೆದಿದೆ. ಅದಕ್ಕೆ ಮೊದಲು ಇದರ ಕಾಲವನ್ನು ತಿಳಿದವರಿಂದ ಕೇಳಿಕೊಳ್ಳೋಣವೆಂದು ಬರೆಯುತ್ತಿದ್ದೇನೆ.

ಪರಸಿ ಮೇಸ್ತ್ರಿ:

ತಮ್ಮಾ, ನಾನು ಇತಿಹಾಸ ಓದಿದವನಲ್ಲ. ಶಹಾಬಾದಿನ ಖಣಿಗಳಲ್ಲಿಯೂ ಕಟ್ಟಡದ ಕೆಲಸಗಳಲ್ಲಿಯೂ ನಲವತ್ತು ವರ್ಷ ಕಲ್ಲಿನ ಜೊತೆ ಕಳೆದವನು. ಕಮಾನು, ಕಂಬ ಆಮೇಲೆ ನೋಡೋಣ, ಮೊದಲು ಕಲ್ಲು ಯಾವುದೆಂದು ಹೇಳು. ನಮ್ಮ ಸೀಮೆಯಲ್ಲಿ ಊರು ದಾಟಿದರೆ ಕಲ್ಲು ಬದಲಾಗುತ್ತದೆ. ಆಳಂದ, ಕಲಬುರಗಿಯ ಕಡೆ ಕರಿಕಲ್ಲು. ಬೀದರ, ಹುಮನಾಬಾದದ ಕಡೆ ಕೆಂಪು ಜಂಬಿಟ್ಟಿಗೆ. ಸುರಪುರ, ಶಹಾಪುರ, ಯಾದಗಿರಿಯ ಗುಡ್ಡಗಳಲ್ಲಿ ಗ್ರಾನೈಟು. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಎಂದರೆ ಸುಣ್ಣಕಲ್ಲಿನ ಪರಸಿ. ನಿಮ್ಮ ಕಟ್ಟಡದ ಗೋಡೆ ಪರಸಿಯದಾಗಿದ್ದರೆ ಆಶ್ಚರ್ಯವಿಲ್ಲ. ಗೋಡೆಯ ತಳದಲ್ಲಿ ಅಥವಾ ಬಾಗಿಲಲ್ಲಿ ಕರಿಕಲ್ಲು ಕಂಡರೆ ಮಾತ್ರ ಯಾರೋ ಖರ್ಚು ಮಾಡಿ ದೂರದಿಂದ ತರಿಸಿದ್ದಾರೆಂದು ತಿಳಿ. ಹಾಗೆ ತರಿಸಿದವನು ದೊಡ್ಡವನೇ ಇರಬೇಕು.

ಪರಸಿಯ ಗುಣ ಬೇರೆ. ಅದು ಭೂಮಿಯಲ್ಲಿ ರೊಟ್ಟಿಯ ಮೇಲೆ ರೊಟ್ಟಿ ಒಟ್ಟಿದಂತೆ ಪದರಪದರವಾಗಿ ಮಲಗಿರುತ್ತದೆ. ಪದರದ ಸಂದಿಗೆ ಉಳಿ ಇಟ್ಟು ಒಂದೇ ಸಮನೆ ಬಡಿಯುತ್ತ ಹೋದರೆ, ಗರಗಸ ಕಾಣದ ಕಾಲದಲ್ಲಿಯೂ ಚಪ್ಪಟೆಯಾದ ಹಾಳೆ ಮೇಲೇಳುತ್ತಿತ್ತು. ನಮ್ಮಲ್ಲಿ ಬಡವನ ಮನೆಗೂ ಕಲ್ಲಿನ ಮಾಡು ಸಿಕ್ಕಿದ್ದು ಇದರಿಂದಲೇ. ಆದರೆ ಈ ಕಲ್ಲು ಹೊರುವುದಕ್ಕೆ ಎಷ್ಟು ಗಟ್ಟಿಯೋ ಬಾಗುವುದಕ್ಕೆ ಅಷ್ಟೇ ಅಳ್ಳೆದೆಯದು. ಎರಡು ಗೋಡೆಗಳ ನಡುವೆ ಐದಾರು ಅಡಿ ಅಗಲಕ್ಕಿಂತ ಹೆಚ್ಚು ಚಾಚಿದರೆ ನಡುವೆ ಸೀಳು ಬಿಡುತ್ತದೆ. ಅದಕ್ಕೇ ಹಿಂದಿನವರು ಕೋಣೆಯ ನಡುವೆ ಒಂದೊಂದು ಕಮಾನು ಕಟ್ಟಿ, ಕಮಾನಿನಿಂದ ಗೋಡೆಗೆ ಚಪ್ಪಡಿ ಹಾಸಿ, ಅದರ ಮೇಲೆ ಸುಣ್ಣದ ಗಚ್ಚು ಬಡಿಯುತ್ತಿದ್ದರು. ಕಮಾನಿನಲ್ಲಿ ಕಲ್ಲು ಕಲ್ಲನ್ನು ಒತ್ತಿ ಹಿಡಿಯುತ್ತದೆ; ಅಲ್ಲಿ ಬಾಗುವ ಪ್ರಶ್ನೆಯೇ ಬರುವುದಿಲ್ಲ. ಆದ್ದರಿಂದ ಒಳಗೆ ಕಮಾನು ಇದೆಯೆಂದ ಮಾತ್ರಕ್ಕೆ ಸುಲ್ತಾನರ ಹೆಸರು ಹೇಳಬೇಡ. ಎಷ್ಟೋ ಕಡೆ ಅದು ಕಲ್ಲಿನ ಗರಜು. ಕೋಣೆಯ ಅಗಲ ಅಳೆದು ಹೇಳು, ಹಾಗೆಯೇ ಉತ್ತರದ ಪಡಸಾಲೆಯ ಮಾಡಿನ ಚಪ್ಪಡಿ ಯಾವುದರ ಮೇಲೆ ಕುಳಿತಿದೆಯೆಂದು ಕೆಳಗೆ ನಿಂತು ತಲೆಯೆತ್ತಿ ನೋಡು.

ಚೌಬಾರಾ, ಬೀದರ:

ಮೇಸ್ತ್ರಿಗಳು ಹೇಳಿದ್ದು ನಾನು ತರಗತಿಯಲ್ಲಿ ಬಹಳ ವರ್ಷ ಹೇಳಿಕೊಟ್ಟದ್ದಕ್ಕಿಂತ ಸ್ಪಷ್ಟವಾಗಿದೆ. ಅದಕ್ಕೆ ಎರಡು ಮಾತು ಸೇರಿಸುತ್ತೇನೆ.

ಚೂಪು ಕಮಾನು ಕಂಡೊಡನೆ ಬಹಮನಿ ಎನ್ನುವುದು ನಮ್ಮ ಭಾಗದ ಹಳೆಯ ಚಟ. ಕಲಬುರಗಿಯ ಜಾಮಿಯಾ ಮಸೀದಿ 1367ರದು. 216 ಅಡಿ ಉದ್ದ, 176 ಅಡಿ ಅಗಲ, ನಡುವೆ ಬಯಲು ಅಂಗಳವೇ ಇಲ್ಲದೆ ಪೂರ್ತಿ ಮಾಡು ಹೊದ್ದುಕೊಂಡಿರುವ ಕಟ್ಟಡ. ಅದರ ಹೊರಸಾಲಿನ ಕಮಾನುಗಳು ನೆಲಕ್ಕೆ ತೀರ ಸಮೀಪದಿಂದ ಹೊರಟು ಅಗಲವಾಗಿ ಹರಡುತ್ತವೆ. ನಿಂತ ಮನುಷ್ಯನ ಎದೆಮಟ್ಟಕ್ಕೆ ಬರುವ ಮೊದಲೇ ಬಾಗು ಶುರುವಾದಂತೆ ಕಾಣುತ್ತದೆ. ಬಿಜಾಪುರದ ಆದಿಲ್‌ಶಾಹಿ ಕಮಾನಿನ ಬಗೆ ಬೇರೆ: ಎರಡೂ ಬದಿಯಿಂದ ಬಾಗಿ ಮೇಲೇರಿ, ತುದಿ ಸಮೀಪಿಸಿದಾಗ ಬಾಗುವುದನ್ನು ಬಿಟ್ಟು ನೇರ ಗೆರೆಗಳಾಗಿ ಕೂಡುತ್ತದೆ. ಇನ್ನು ನಿಜಾಮರ ಕೊನೆಯ ಕಾಲದ ಸರ್ಕಾರಿ ಕಟ್ಟಡಗಳಲ್ಲಿಯೂ ಚೂಪು ಕಮಾನುಗಳು ಧಾರಾಳವಾಗಿವೆ. ಹೀಗೆ ಐದು ನೂರು ವರ್ಷಗಳಿಗೂ ಹೆಚ್ಚು ಕಾಲ ಬಳಕೆಯಲ್ಲಿದ್ದ ಆಕಾರವೊಂದು ತಾನಾಗಿಯೇ ತನ್ನ ವಯಸ್ಸನ್ನು ಹೇಳಲಾರದು. ಕಮಾನಿನ ಪಾದ ನೆಲದಿಂದ ಎಷ್ಟು ಎತ್ತರದಲ್ಲಿದೆ, ತುದಿಯಲ್ಲಿ ಗೆರೆ ಬಾಗಿದೆಯೋ ನೇರವಾಗಿದೆಯೋ ಎಂಬುದನ್ನು ನೋಡಿದರೆ ಒಂದಿಷ್ಟು ಸುಳಿವು ಸಿಕ್ಕೀತು.

ಕಂಬಗಳ ವಿಷಯ ಇನ್ನೂ ಎಚ್ಚರದಿಂದ ನೋಡಬೇಕಾದದ್ದು. ತಿರುಗಣೆಗೆ ಹಿಡಿದು ಕಡೆದಂತೆ ನುಣುಪಾದ ದುಂಡುಕಂಬ ಕಲ್ಯಾಣದ ಚಾಲುಕ್ಯರ ಕಾಲದ ಗುರುತು, ಅದರಲ್ಲಿ ಅನುಮಾನವಿಲ್ಲ. ಆದರೆ ಕಂಬದ ವಯಸ್ಸು ಕಂಬದ್ದು, ಕಟ್ಟಡದ ವಯಸ್ಸು ಕಟ್ಟಡದ್ದು. ಬಿದ್ದ ಗುಡಿಯ ಕಂಬ ಸಿದ್ಧವಾಗಿ ಸಿಕ್ಕಾಗ ಅದನ್ನು ಹೊಸ ಕಟ್ಟಡಕ್ಕೆ ನಿಲ್ಲಿಸಿಕೊಂಡ ಉದಾಹರಣೆ ನಮ್ಮ ಮೂರೂ ಜಿಲ್ಲೆಗಳಲ್ಲಿ ಮಸೀದಿ, ಮಠ, ವಾಡೆ, ಚಾವಡಿ ಎಲ್ಲೆಡೆಯೂ ಇವೆ.

ಆದರೆ ನಾಗಾವಿಯ ಹೆಸರು ಬಂದದ್ದು ಒಳ್ಳೆಯದೇ ಆಯಿತು. ಅಲ್ಲಿನ 1058ರ ಶಾಸನ ಒಂದು ಘಟಿಕಾಸ್ಥಾನದ, ಅಂದರೆ ವಿದ್ಯಾಕೇಂದ್ರದ, ವಿವರ ಕೊಡುತ್ತದೆ: ವೇದ ಓದುವ ಇನ್ನೂರು ವಿದ್ಯಾರ್ಥಿಗಳು, ಶಾಸ್ತ್ರ ಓದುವ ಐವತ್ತೆರಡು ಮಂದಿ, ಅಧ್ಯಾಪಕರು, ಪುಸ್ತಕಗಳನ್ನು ನೋಡಿಕೊಳ್ಳುವ ಆರು ಮಂದಿ ಸರಸ್ವತೀ ಭಂಡಾರಿಗರು. ಪರಸ್ಥಳದಿಂದ ಬಂದವರಿಗೆ ದತ್ತಿಯ ಹಣದಲ್ಲಿ ಊಟ, ವಸತಿ ಒದಗಿಸುವ ವ್ಯವಸ್ಥೆ ಈ ಸೀಮೆಗೆ ಸರಾಯಿ ಎಂಬ ಪದ ಬರುವ ಎಷ್ಟೋ ಮೊದಲೇ ಇತ್ತು; ಆಗ ಅದರ ಹೆಸರು ಸತ್ರ. ನಿಮ್ಮೂರಿನವರು ಒಂದೇ ಕಟ್ಟಡಕ್ಕೆ ಮೂರು ಹೆಸರು ಇಟ್ಟುಕೊಂಡಿರುವುದು ಗೊಂದಲವೆಂದು ನನಗೆ ಅನ್ನಿಸುವುದಿಲ್ಲ. ಅದನ್ನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ನಡೆಸಿಕೊಂಡು ಬಂದಿರಬಹುದು.

ಹಳೇ ವಿದ್ಯಾರ್ಥಿ:

ಇದೇ ಶಾಲೆಯಲ್ಲಿ ನಾನೂ ಓದಿದವನು. ‘ಸರಾಯಿ’ ಎಂಬುದನ್ನು ‘ಸಾರಾಯಿ’ ಎಂದು ತಿಳಿದು, ಹಿಂದೆ ಇಲ್ಲಿ ಹೆಂಡದ ಅಂಗಡಿ ಇತ್ತೆಂದು ನಾವೆಲ್ಲ ನಂಬಿದ್ದೆವು. ಮಾಸ್ತರರೊಬ್ಬರು ಆ ಮಾತು ಕೇಳಿ, ಒಂದು ದೀರ್ಘಕ್ಕೆ ಎಷ್ಟು ಅಂತರವಾಗುತ್ತದೆ ನೋಡಿ ಎಂದು ಪಾಟಿಯ ಮೇಲೆ ಎರಡೂ ಪದಗಳನ್ನು ಇಪ್ಪತ್ತು ಸಲ ಬರೆಸಿದ್ದರು. ಬೀದರದ ನಾನಕ್ ಝೀರಾದಲ್ಲಿ ಯಾತ್ರಿಕರು ಇಳಿದುಕೊಳ್ಳುವ ಜಾಗವನ್ನು ಸರಾಯಿ ಎಂದು ಕರೆಯುವುದನ್ನು ಕೇಳಿದ ಮೇಲೆಯೇ ನನಗೆ ಆ ಪದ ಸರಿಯಾಗಿ ತಿಳಿದದ್ದು.

ಸುರಪುರದ ಗುಡ್ಡ:

ನಮ್ಮ ಸುರಪುರದಲ್ಲಿ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. ಅರಸ ವೆಂಕಟಪ್ಪ ನಾಯಕರು ಇನ್ನೂ ಬಾಲಕರಾಗಿದ್ದಾಗ, 1841ರಿಂದ 1853ರವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ ಮನೆ ಅದು. ಮುಂದೆ ಸರ್ಕಾರಿ ಅತಿಥಿಗಳು ಇಳಿದುಕೊಳ್ಳುವ ಬಂಗಲೆಯಾಯಿತು. ಅಲ್ಲಿ ನಿಂತವನ ಕಣ್ಣು ಹೊರಗೆ ಹೋಗುತ್ತದೆ: ಸುತ್ತ ಬಯಲು, ಕೆಳಗೆ ಊರು, ನಾಲ್ಕೂ ಕಡೆಯಿಂದ ಗಾಳಿ. ಸಾಹೇಬರ ಕಾಲದ ಬಂಗಲೆಗಳೆಲ್ಲ ಹೀಗೆಯೇ, ನಡುವೆ ಹಜಾರ, ಹೊರಗೆ ವರಾಂಡ. ನೀವು ಹೇಳುವ ಕಟ್ಟಡ ಇದಕ್ಕೆ ಪೂರ್ತಿ ವಿರುದ್ಧವಾಗಿದೆ. ಹೊರಗೋಡೆಗೆ ಕಿಟಕಿ ಇವೆಯೇ? ಇಲ್ಲದಿದ್ದರೆ, ರಾತ್ರಿ ಬಾಗಿಲು ಹಾಕಿಕೊಂಡು ಸರಕು ಕಾಯಬೇಕಾದವರಿಗಾಗಿ ಕಟ್ಟಿದ್ದು ಎಂದು ಅರ್ಥ. ದಾರಿ ಸುರಕ್ಷಿತವಾದ ಮೇಲೆ ಯಾರೂ ಹಾಗೆ ಬೆನ್ನು ತಿರುಗಿಸಿ ಕೂಡುವ ಕಟ್ಟಡ ಕಟ್ಟುವುದಿಲ್ಲ. ಬಂಗಲೆಯಲ್ಲಿ ಇಳಿಯುವವರು ಅಧಿಕಾರಿಗಳು, ಸರಾಯಿಯಲ್ಲಿ ಇಳಿಯುವವರು ಎತ್ತು ಕುದುರೆಗಳೊಡನೆ ಬರುವವರು. ಕಟ್ಟಡದ ನಕ್ಷೆಯಲ್ಲಿಯೇ ಆ ವ್ಯತ್ಯಾಸ ಕಾಣುತ್ತದೆ.

ಗಚ್ಚು ಗಾರೆ:

ನಾನು ಹಳೆಯ ಕಟ್ಟಡಗಳ ದುರಸ್ತಿಯ ಕೆಲಸ ಮಾಡುವವಳು. ಕಾಗಿಣಾ ದಂಡೆಯವರೇ, ದಯವಿಟ್ಟು ಒಂದು ಟೇಪು, ಒಂದು ಟಾರ್ಚು, ಒಂದು ನೋಟ್‌ಬುಕ್ ಹಿಡಿದು ಇನ್ನೊಮ್ಮೆ ಹೋಗಿ ಬನ್ನಿ. ಅಲಂಕಾರವನ್ನು ಕೊನೆಗೆ ನೋಡಿ, ಮೊದಲು ಜಗುಲಿಯ ಎತ್ತರ ಅಳೆಯಿರಿ. ಪಡಸಾಲೆ ಅಂಗಳಕ್ಕಿಂತ ಸುಮಾರು ಸೊಂಟದ ಎತ್ತರದಲ್ಲಿದ್ದರೆ, ಎತ್ತು ಅಥವಾ ಕತ್ತೆಯ ಬೆನ್ನಿನಿಂದ ಹೇರನ್ನು ನೆಲಕ್ಕಿಳಿಸದೆ ನೇರವಾಗಿ ಜಗುಲಿಗೆ ಎಳೆದುಕೊಳ್ಳುವುದಕ್ಕೆಂದು ಹಾಗೆ ಮಾಡಿರುತ್ತಾರೆ; ವಾಸದ ಮನೆಗೆ ಆ ಎತ್ತರ ಬೇಡ, ಮೂರು ಮೆಟ್ಟಿಲು ಸಾಕು. ಆಮೇಲೆ ಬಾಗಿಲಿನ ಎತ್ತರ. ಕುದುರೆಯ ಮೇಲೆ ಕುಳಿತವನು ತಲೆ ಬಗ್ಗಿಸದೆ ಒಳಗೆ ಬರುವಂತಿದೆಯೇ, ಬಾಗಿಲ ಒಳಗಿನ ದೇವಡಿಯಲ್ಲಿ ಕಾವಲಿನವರು ಕೂಡುವ ಕಟ್ಟೆಗಳಿವೆಯೇ, ಅಗುಳಿ ಹಾಕುವ ತೂತುಗಳು ಗೋಡೆಯೊಳಗೆ ಎಷ್ಟು ಆಳಕ್ಕಿವೆ ನೋಡಿ.

ಕೋಣೆಗಳಲ್ಲಿ ದೀಪದ ಗೂಡುಗಳು ಇದ್ದೇ ಇರುತ್ತವೆ. ಅವುಗಳ ಮೇಲ್ಭಾಗಕ್ಕೆ ಬೆರಳು ಒರೆಸಿ ನೋಡಿ. ಎಣ್ಣೆಯ ಮಸಿ ಕಲ್ಲಿಗೆ ಹೀರಿದ್ದರೆ ಸುಣ್ಣದ ಎಷ್ಟೋ ಪದರಗಳ ಕೆಳಗೂ ಉಳಿದಿರುತ್ತದೆ. ಪಶ್ಚಿಮದ ಗೋಡೆಯಲ್ಲಿ ನೆಲಮಟ್ಟದಿಂದಲೇ ಏಳುವ, ಮನುಷ್ಯನೆತ್ತರದ, ಮಸಿಯಿಲ್ಲದ ಗೂಡು ಕಂಡರೆ ಅದು ದೀಪಕ್ಕಲ್ಲ, ನಮಾಜಿನ ದಿಕ್ಕು ತೋರಿಸುವುದಕ್ಕೆ ಇರಬಹುದು. ನಮ್ಮ ಜಿಲ್ಲೆಯಿಂದ ಮಕ್ಕಾದ ದಿಕ್ಕು ನೇರ ಪಶ್ಚಿಮಕ್ಕಿಂತ ಸುಮಾರು 13 ಡಿಗ್ರಿ ಉತ್ತರಕ್ಕೆ ಬರುತ್ತದೆ, ಆದರೆ ಹಳೆಯವರು ಪಶ್ಚಿಮವೆಂದರೆ ಪಶ್ಚಿಮವೆಂದು ಕಟ್ಟಿಬಿಡುವುದೂ ಉಂಟು. ಆದ್ದರಿಂದ ಕೋನ ತಪ್ಪಿದೆಯೆಂದು ಅದನ್ನು ತಳ್ಳಿಹಾಕಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಮೂಲೆಗಳು. ಉತ್ತರದ ಪಡಸಾಲೆಯ ಗೋಡೆ ಪೂರ್ವದ ಗೋಡೆಯನ್ನು ಕೂಡುವಲ್ಲಿ ಎರಡರ ಕಲ್ಲುಗಳು ಕೈಬೆರಳು ಹೆಣೆದಂತೆ ಒಂದರೊಳಗೊಂದು ಸೇರಿವೆಯೇ, ಇಲ್ಲವೇ ಮೇಲಿನಿಂದ ಕೆಳಗಿನವರೆಗೆ ನೇರ ಸಂದು ಇದೆಯೇ? ಹೆಣೆದಿದ್ದರೆ ಒಂದೇ ಸಲ ಕಟ್ಟಿದ್ದು, ಸಂದಿದ್ದರೆ ಒಂದು ಇನ್ನೊಂದಕ್ಕೆ ಆಮೇಲೆ ಅಂಟಿಕೊಂಡದ್ದು. ಮತ್ತೆ, ಬಾವಿ ಎಲ್ಲಿದೆ? ಇಷ್ಟು ದನಕರು ಇಳಿದುಕೊಳ್ಳುವ ಕಡೆ ಬಾವಿ ಇಲ್ಲದಿರುವುದು ಅಪರೂಪ. ನೀವು ಅದರ ಹೆಸರನ್ನೇ ಎತ್ತಿಲ್ಲ.

ಕಾಗಿಣಾ ದಂಡೆ:

ಅಕ್ಕನವರೇ, ಮೇಸ್ತ್ರಿಗಳೇ, ಗುರುಗಳೇ, ಭಾನುವಾರ ಬೆಳಿಗ್ಗೆ ಹೋಗಿ ಸಂಜೆಯವರೆಗೆ ಅಲ್ಲಿಯೇ ಇದ್ದೆ. ನ್ಯಾಯಬೆಲೆ ಅಂಗಡಿಯವರು ಬೀಗ ಹಾಕಿದ್ದ ಕೋಣೆಗಳನ್ನೂ ತೆರೆದುಕೊಟ್ಟರು.

ಹೊರಗೋಡೆಗೆ ಒಂದೂ ಕಿಟಕಿಯಿಲ್ಲ. ಆಳೆತ್ತರದ ಮೇಲೆ ಅಂಗೈಯಗಲದ ಗಾಳಿಗಂಡಿಗಳು ಮಾತ್ರ ಇವೆ. ಬಾಗಿಲಿನ ಕಮಾನು ನಡುವಿನಲ್ಲಿ ಹನ್ನೊಂದು ಅಡಿ ಎತ್ತರವಿದೆ, ಅದರ ಎರಡೂ ಬದಿಯ ಕಲ್ಲು ಕರಿಕಲ್ಲು. ಉಳಿದ ಗೋಡೆಯೆಲ್ಲ ಪರಸಿಯ ಕಲ್ಲೇ. ದೇವಡಿಯಲ್ಲಿ ಎರಡು ಕಟ್ಟೆಗಳಿವೆ; ಅಗುಳಿಯ ತೂತಿನೊಳಗೆ ತೋಳು ಪೂರ್ತಿ ಹಾಕಿದರೂ ಕೊನೆ ಸಿಗಲಿಲ್ಲ. ದಕ್ಷಿಣ ಮತ್ತು ಪಶ್ಚಿಮದ ಜಗುಲಿ ಅಂಗಳದಿಂದ ಎರಡೂಮುಕ್ಕಾಲು ಅಡಿ ಎತ್ತರದಲ್ಲಿದೆ. ಅಂಚಿನ ಚಪ್ಪಡಿಗಳಲ್ಲಿ ಸಾಲಾಗಿ ಹಗ್ಗ ಪೋಣಿಸುವ ತೂತುಗಳಿವೆ. ಕಮಾನುಗಳ ಬಾಗು ನೆಲದಿಂದ ಸುಮಾರು ಐದು ಅಡಿಗೆ ಶುರುವಾಗುತ್ತದೆ, ತುದಿಯ ಸಮೀಪ ಗೆರೆ ನೇರವಾಗುತ್ತದೆ. ಪಶ್ಚಿಮದ ಗೋಡೆಯ ನಡುವೆ ನೆಲದಿಂದಲೇ ಎದ್ದ ಗೂಡು ಇದೆ, ಮಸಿಯಿಲ್ಲ. ಉಳಿದ ಗೂಡುಗಳಲ್ಲಿ ಒರೆಸಿದ ಬೆರಳು ಕಪ್ಪಾಯಿತು. ಬಾಲ್ಯದಲ್ಲಿ ಆ ದೊಡ್ಡ ಗೂಡಿನಲ್ಲಿ ನಾವು ಸೀಮೆಸುಣ್ಣದ ಪೆಟ್ಟಿಗೆ, ನಕಾಶೆಯ ಸುರುಳಿ ಇಡುತ್ತಿದ್ದೆವು.

ಅಂಗಳದಲ್ಲಿ ಒಂದು ಚಪ್ಪಡಿ ಸರಿಸಿದಾಗ ಕಾಳು ತುಂಬಿಡುವ ಹಗೇವು ಸಿಕ್ಕಿತು, ಬಾಯಿ ಕಿರಿದು, ಒಳಗೆ ಗುಡಾಣದಂತೆ ಅಗಲ. ಅದು ಗೋದಾಮಿನ ಕಾಲದ್ದೋ ಅದಕ್ಕಿಂತ ಹಳೆಯದೋ ನನಗೆ ತಿಳಿಯಲಿಲ್ಲ. ಬಾವಿ ಮಾತ್ರ ಎಲ್ಲಿಯೂ ಇಲ್ಲ. ಹೊಳೆ ಹತ್ತಿರವಿರುವುದರಿಂದ ನೀರು ಅಲ್ಲಿಂದಲೇ ಬರುತ್ತಿತ್ತೆಂದು ಹಿರಿಯರು ಹೇಳುತ್ತಾರೆ.

ಈಗ ಉತ್ತರದ ಪಡಸಾಲೆ. ಅದರ ಜಗುಲಿ ಒಂದೂವರೆ ಅಡಿ ಮಾತ್ರ ಎತ್ತರವಿದೆ. ನಾವು ಮಕ್ಕಳು ಓಡಿ ಹತ್ತುತ್ತಿದ್ದುದು ಅದಕ್ಕೇ ಎಂದು ಈಗ ಹೊಳೆಯಿತು. ಪೂರ್ವದ ಗೋಡೆಯನ್ನು ಅದು ಕೂಡುವಲ್ಲಿ ಮೇಲಿನಿಂದ ಕೆಳಗೆ ನೇರ ಸಂದು ಇದೆ, ಒಂದು ಕಡೆ ನನ್ನ ಅಂಗೈ ಹೋಗುವಷ್ಟು ಬಿರಿದಿದೆ. ಮೇಸ್ತ್ರಿಗಳು ಹೇಳಿದಂತೆ ತಲೆಯೆತ್ತಿ ನೋಡಿದೆ. ಕಂಬಗಳ ಮೇಲೆ ಹಾಯಿಸಿರುವುದು ಮರದ ತೊಲೆಯಲ್ಲ, ಕಲ್ಲಿನದೂ ಅಲ್ಲ. ಸುಣ್ಣ ಬಳಿದು ಬಳಿದು ಬೆಳ್ಳಗಾಗಿದ್ದ ಅದನ್ನು ಚಾಕುವಿನಿಂದ ಕೆರೆದಾಗ ಕಬ್ಬಿಣ ಬಂತು. ಕೆಳಗೆ ಅಗಲ, ನಡುವೆ ಸಣಕಲು, ಮೇಲೆ ದಪ್ಪ.

ಪರಸಿ ಮೇಸ್ತ್ರಿ:

ರೈಲು ಕಂಬಿ! ನನಗೆ ಮೊದಲೇ ಅನುಮಾನವಿತ್ತು, ಆದರೆ ನೋಡದೆ ಹೇಳಬಾರದೆಂದು ಸುಮ್ಮನಿದ್ದೆ. ಸವೆದ ಹಳಿಗಳನ್ನು ತೊಲೆಗೆ ಹಾಕಿ, ಅವುಗಳ ನಡುವೆ ಪರಸಿ ಹಾಸುವುದು ನಮ್ಮ ಭಾಗದಲ್ಲಿ ಬಹಳ ನಡೆದ ಪದ್ಧತಿ. ಶಹಾಬಾದ, ವಾಡಿಯ ಹಳೆಯ ಮನೆಗಳಲ್ಲಿ ಇವತ್ತಿಗೂ ಕಾಣುತ್ತದೆ. ಮರಕ್ಕೆ ಹುಳು ಹತ್ತುತ್ತದೆ, ಕಲ್ಲಿನ ತೊಲೆ ಸೀಳುತ್ತದೆ, ಕಂಬಿಗೆ ಎರಡೂ ಭಯವಿಲ್ಲ. ಕಂಬಿ ಬಂದ ಮೇಲೆ ಮೇಸ್ತ್ರಿಗಳಿಗೆ ಕಮಾನಿನ ಕೆಲಸ ಮರೆತೇಹೋಯಿತು, ಏಕೆಂದರೆ ಕಮಾನಿಗೆ ಮರದ ಅಚ್ಚು ನಿಲ್ಲಿಸಬೇಕು, ಕಲ್ಲನ್ನು ಓರೆಯಾಗಿ ಕಡೆಯಬೇಕು, ನೆತ್ತಿಯ ಕಲ್ಲು ಕೂಡುವವರೆಗೆ ಅಚ್ಚು ಬಿಚ್ಚುವಂತಿಲ್ಲ. ಕಂಬಿ ಹಾಕುವುದಕ್ಕೆ ನಾಲ್ಕು ಜನರ ಭುಜ ಸಾಕು. ತಮ್ಮಾ, ನೀನು ಎಲ್ಲಕ್ಕಿಂತ ಹಳೆಯದೆಂದುಕೊಂಡ ಪಡಸಾಲೆಯೇ ಆ ಕಟ್ಟಡದಲ್ಲಿ ಎಲ್ಲಕ್ಕಿಂತ ಹೊಸದು.

ಚೌಬಾರಾ, ಬೀದರ:

ಕಂಬಗಳು ಒಂಬೈನೂರು ವರ್ಷ ಹಳೆಯವು, ಅವು ಹೊತ್ತಿರುವ ಕಂಬಿ ನೂರೈವತ್ತು ವರ್ಷದ ಈಚಿನದು. ಇದಕ್ಕಿಂತ ಒಳ್ಳೆಯ ಪಾಠ ನನಗೆ ತರಗತಿಯಲ್ಲಿ ಎಂದೂ ಸಿಕ್ಕಿರಲಿಲ್ಲ. ಸೊಲ್ಲಾಪುರದ ಕಡೆಯಿಂದ ಕಲಬುರಗಿ, ವಾಡಿಯ ಮೂಲಕ ರಾಯಚೂರಿನವರೆಗಿನ ಹಳಿ 1871ರ ಹೊತ್ತಿಗೆ ಪೂರ್ಣವಾಯಿತು, ವಾಡಿಯಿಂದ ಹೈದರಾಬಾದಿನ ದಾರಿ 1874ರಲ್ಲಿ ತೆರೆಯಿತು. ಹಳಿ ಸವೆದು ಗುಜರಿಗೆ ಬರಲು ಇನ್ನಷ್ಟು ವರ್ಷ ಬೇಕು. ಆದ್ದರಿಂದ ಉತ್ತರದ ಭಾಗ 19ನೇ ಶತಮಾನದ ಕೊನೆಯದು ಅಥವಾ ಅದರ ಈಚಿನದು. ಕಡತದಲ್ಲಿ ಮುಸಾಫಿರಖಾನೆ ಎಂಬ ಹೆಸರು ಬಂದದ್ದೂ ಆಗಲೇ ಇರಬೇಕು. ವಿಚಿತ್ರವೆಂದರೆ ಸರಾಯಿಗಳ ಅನ್ನ ಕಿತ್ತುಕೊಂಡದ್ದೂ ಅದೇ ರೈಲು: ಹೇರೆತ್ತಿನ ನಾಲ್ಕು ದಿನದ ದಾರಿ ಕೆಲವೇ ತಾಸಿನದಾದ ಮೇಲೆ ನಡುವೆ ರಾತ್ರಿ ಕಳೆಯುವವರು ಯಾರು?

ಉಳಿದ ಮೂರು ಕಡೆಯ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ. ಕಮಾನಿನ ಪಾದ ಐದು ಅಡಿಗೆ ಶುರುವಾಗಿ ತುದಿಯಲ್ಲಿ ಗೆರೆ ನೇರವಾಗುವುದು ಕಲಬುರಗಿಯ ಮಸೀದಿಯ ಲಕ್ಷಣವಲ್ಲ, ಬಿಜಾಪುರದ್ದು. ಆದಿಲ್‌ಶಾಹಿಗಳ ಬಿಜಾಪುರ ಮತ್ತು ಕುತುಬ್‌ಶಾಹಿಗಳ ಗೋಲ್ಕೊಂಡ ಎರಡೂ ಶ್ರೀಮಂತವಾಗಿದ್ದ ಕಾಲದಲ್ಲಿ ಅವುಗಳ ನಡುವಿನ ಸಂಚಾರ ಈ ಸೀಮೆಯನ್ನು ದಾಟಿಯೇ ಹೋಗಬೇಕಿತ್ತು. ವಿಜಯಪುರದಲ್ಲಿ ಮುಸ್ತಫಾ ಖಾನನು 1640ರ ಸುಮಾರಿಗೆ ಕಟ್ಟಿಸಿದ ದೊಡ್ಡ ಸರಾಯಿ ಇಂದು ಸೆರೆಮನೆಯಾಗಿದೆ. ದರ್ಗಾ ಜೈಲು ಎಂದರೆ ಎಲ್ಲರಿಗೂ ಗೊತ್ತು. ಹೊರಗೆ ಕಿಟಕಿಯಿಲ್ಲದ, ಒಂದೇ ಬಾಗಿಲಿನ, ಒಳಗೆ ಸಾಲುಕೋಣೆಗಳ ಕಟ್ಟಡವನ್ನು ಸೆರೆಮನೆ ಮಾಡಲು ಹೆಚ್ಚು ಬದಲಿಸಬೇಕಾಗಿಲ್ಲ. ಗೋಲ್ಕೊಂಡದ ಕಡೆ ಶೇಕ್‌ಪೇಟೆಯ ಎರಡಂತಸ್ತಿನ ಸರಾಯಿ ಮಸೀದಿಯೊಡನೆ ಉಳಿದಿದೆ. ನಿಮ್ಮದು ಇವುಗಳ ಬಡ ತಮ್ಮನೆಂದು ನನ್ನ ಭಾವನೆ. ಶಾಸನ ಸಿಗುವವರೆಗೆ ಇಸವಿ ಹೇಳುವುದು ಬೇಡ, ಆದರೆ ಬಹಮನಿ ಎಂಬ ಮಾತನ್ನು ಬಿಟ್ಟುಬಿಡಬಹುದು.

ಆಳಂದ ರಸ್ತೆ:

ಗುರುಗಳೇ, ಬಹಮನಿಯನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. 15ನೇ ಶತಮಾನದಲ್ಲಿ ಬೀದರಕ್ಕೆ ಬಂದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ತನ್ನ ಬರಹದಲ್ಲಿ, ಈ ದೇಶದಲ್ಲಿ ವ್ಯಾಪಾರಿಗಳು ಬಿಡದಿಗಳಲ್ಲಿ ಇಳಿದುಕೊಳ್ಳುತ್ತಾರೆ, ಅಲ್ಲಿನ ಹೆಂಗಸರು ಅಡುಗೆ ಮಾಡಿ ಹಾಸಿಗೆ ಹಾಸುತ್ತಾರೆ ಎಂದು ಹೇಳಿದ್ದಾನೆ. ಶೇಖ್ ಅಲಾವುದ್ದೀನರ ಹೆಸರಿನಲ್ಲಿ ಹತ್ತು ದಿನ ನಡೆಯುವ ಜಾತ್ರೆಗೆ ಇಪ್ಪತ್ತು ಸಾವಿರದವರೆಗೆ ಕುದುರೆಗಳು ಬರುತ್ತವೆ ಎಂದೂ ಬರೆದಿದ್ದಾನೆ. ಆ ಜಾತ್ರೆಯ ಊರು ನಮ್ಮ ಆಳಂದವೆಂದೇ ವಿದ್ವಾಂಸರು ಗುರುತಿಸುತ್ತಾರೆ. ಬಹಮನಿಗಳ ಮಂತ್ರಿಯಾದ ಮಹಮೂದ್ ಗಾವಾನನೇ ಇರಾನಿನ ಗಿಲಾನಿನಿಂದ ವ್ಯಾಪಾರಿಯಾಗಿ ಬೀದರಕ್ಕೆ ಬಂದವನು. ಇಷ್ಟು ಸಂಚಾರವಿದ್ದ ಕಾಲದಲ್ಲಿ ಈ ದಾರಿಯಲ್ಲಿ ತಂಗುವ ಜಾಗ ಇರಲಿಲ್ಲವೇ?

ಇನ್ನೊಂದು ಮಾತು. ನಮಾಜಿನ ದಿಕ್ಕು ತೋರಿಸುವ ಮೆಹ್ರಾಬಿನ ಗೂಡು ಸಿಕ್ಕಿತೆಂದು ಇದು ಒಬ್ಬರದೇ ಸ್ವತ್ತೆಂದು ನಾಳೆ ಯಾರಾದರೂ ವಾದ ತೆಗೆಯುವ ಮೊದಲೇ ಹೇಳಿಬಿಡುತ್ತೇನೆ: ಸರಾಯಿಗೆ ಬರುವವರು ತಮ್ಮ ತಮ್ಮ ಒಲೆ ತಾವೇ ಹೂಡಿಕೊಳ್ಳುತ್ತಿದ್ದರು. ಪ್ರತಿ ಕೋಣೆಗೂ ತನ್ನದೇ ಜಗುಲಿ ಇರುವುದರ ಅನುಕೂಲ ಅದೇ.

ಚೌಬಾರಾ, ಬೀದರ:

ತಂಗುವ ಜಾಗ ಇದ್ದೇ ಇರಬೇಕು. ಅದು ಇದೇ ಕಟ್ಟಡವೆನ್ನಲು ಮಾತ್ರ ಆಧಾರ ಬೇಕು. ಹಳೆಯದೊಂದರ ತಳಪಾಯದ ಮೇಲೆ ಇದು ಎದ್ದಿದ್ದರೂ ಇರಬಹುದು, ಅಗೆಯದೆ ತಿಳಿಯದು. ಎಲ್ಲರೂ ಸರಾಯಿಯಲ್ಲಿಯೇ ಇಳಿಯುತ್ತಿದ್ದರೆಂದೂ ತಿಳಿಯಬೇಡಿ. ಹತ್ತು ಹನ್ನೆರಡು ಸಾವಿರ ಎತ್ತುಗಳ ಹಿಂಡು ಧಾನ್ಯ, ಉಪ್ಪು ಹೊತ್ತು ಒಟ್ಟಿಗೆ ಹೋಗುವುದನ್ನು 17ನೇ ಶತಮಾನದಲ್ಲಿ ಫ್ರೆಂಚ್ ವ್ಯಾಪಾರಿ ತಾವೆರ್ನಿಯೇ ಬರೆದಿದ್ದಾನೆ. ಆ ಲಂಬಾಣಿ ತಾಂಡಾಗಳನ್ನು ಯಾವ ಅಂಗಳವೂ ಹಿಡಿಸಲಾರದು, ಅವರು ಬಯಲಲ್ಲಿಯೇ ಬೀಡು ಬಿಡುತ್ತಿದ್ದರು. ನಿಮ್ಮ ಸರಾಯಿಯ ಕೋಣೆಗಳು ಬಟ್ಟೆ, ನೀಲಿ, ಹಣದ ಚೀಲ ಹೊತ್ತ ಸಣ್ಣ ಗುಂಪುಗಳಿಗೆ ಮೀಸಲು. ಒಲೆಯ ಮಾತನ್ನು ನಾನೂ ಒಪ್ಪುತ್ತೇನೆ.

ಗಚ್ಚು ಗಾರೆ:

ಕಾಲದ ಚರ್ಚೆ ನಡೆಯಲಿ, ನನಗೆ ಆ ಸಿಮೆಂಟಿನ ಸ್ಲ್ಯಾಬಿನದೇ ಚಿಂತೆ. ಹಳೆಯ ಮಾಡಿನ ಮೇಲಿರುವುದು ಸುಣ್ಣದ ಗಚ್ಚು. ಅದು ಮಳೆಯಲ್ಲಿ ಸ್ವಲ್ಪ ತೇವ ಹೀರಿ ಬಿಸಿಲಿನಲ್ಲಿ ಬಿಟ್ಟುಕೊಡುತ್ತದೆ. ಮೇಲೆ ಸಿಮೆಂಟು ಮುಚ್ಚಿದರೆ ಒಳಗೆ ಸೇರಿದ ನೀರಿಗೆ ಹೊರಗೆ ಹೋಗುವ ದಾರಿಯಿಲ್ಲ. ಅದು ಕೆಳಗಿಳಿದು ಚಪ್ಪಡಿಯ ಪದರಗಳ ನಡುವೆ ಕೂತು ಪರಸಿಯನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಉತ್ತರದ ಭಾಗದಲ್ಲಿ ಅದೇ ತೇವಕ್ಕೆ ಕಂಬಿ ತುಕ್ಕು ಹಿಡಿದು ಉಬ್ಬಿ, ತನ್ನ ಮೇಲಿನ ಕಲ್ಲನ್ನು ತಾನೇ ಒಡೆಯುತ್ತದೆ. ಭಾರದ ಮಾತು ಬೇರೆ: ನಾಲ್ಕಿಂಚಿನ ಕಾಂಕ್ರೀಟು ಒಂದು ಚದರಡಿಗೆ ಸುಮಾರು ಇಪ್ಪತ್ತಮೂರು ಕಿಲೋ ತೂಗುತ್ತದೆ. ಹೊಸ ಭಾರಕ್ಕೆ ಕಮಾನಿನ ಕಾಲುಗಳು ಹೊರಕ್ಕೆ ಸರಿಯುತ್ತವೆ, ಮತ್ತು ನೀವು ಹೇಳಿದ ಆ ನೇರ ಸಂದು ಈಗಾಗಲೇ ಅಂಗೈಯಗಲ ಬಿರಿದಿದೆ.

ಮಾಡಬೇಕಾದದ್ದು ಇಷ್ಟೇ: ಮಾಡಿನ ಮೇಲೆ ಬೆಳೆದ ಅರಳಿ, ಆಲದ ಸಸಿಗಳನ್ನು ಎಳೆದು ಕೀಳದೆ ಕತ್ತರಿಸಿ ಬೇರು ಸಾಯಿಸಬೇಕು, ಸತ್ತ ಗಚ್ಚನ್ನು ಮಾತ್ರ ತೆಗೆದು ಹೊಸ ಸುಣ್ಣದ ಗಚ್ಚು ಬಡಿದು ಇಳಿಜಾರು ಸರಿಪಡಿಸಬೇಕು, ನೀರಿನ ಬಾಯಿಗಳನ್ನು ತೆರೆಯಬೇಕು. ಸುಣ್ಣ ತಿರುವುವ ಗಾಣ ಈಗ ಸಿಗದಿದ್ದರೂ ಗುಂಡಿಯಲ್ಲಿ ಸುಣ್ಣ ಅರಳಿಸಿ ವಾರಗಟ್ಟಲೆ ನೆನೆಯಿಟ್ಟು, ಬೆಲ್ಲ ಮತ್ತು ಅಳಲೆಕಾಯಿಯ ನೀರು ಬೆರೆಸಿ ಮಾಡಬಲ್ಲವರು ಇನ್ನೂ ಇದ್ದಾರೆ. ಕೆಲಸಕ್ಕೆ ಮೊದಲು ಅಳತೆಯ ನಕ್ಷೆ ಮತ್ತು ಚಿತ್ರಗಳೊಡನೆ ಪುರಾತತ್ವ ಇಲಾಖೆಗೆ ಒಂದು ಅರ್ಜಿ ಕೊಡಿ. ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಅಡಿಯಲ್ಲಿ ಸಂರಕ್ಷಿತವೆಂದು ಘೋಷಿಸಲು ಕೇಳಿಕೊಳ್ಳಬಹುದು. ಉತ್ತರದ ಪಡಸಾಲೆ ಹೊಸದೆಂದು ಗೊತ್ತಾಯಿತಲ್ಲ, ಅದನ್ನು ಕೆಡವೋಣವೆಂದು ಮಾತ್ರ ಯಾರೂ ಹೇಳದಿರಲಿ. ಹಳಿಯೂ ಕಂಬವೂ ಹೀಗೆ ಒಂದಾಗಿ ನಿಂತದ್ದು ನಾನು ಬೇರೆಲ್ಲಿಯೂ ನೋಡಿಲ್ಲ.

ಪರಸಿ ಮೇಸ್ತ್ರಿ:

ತಮ್ಮಾ, ಒಂದು ಸಣ್ಣ ವಿಷಯ ಮನಸ್ಸಿನಲ್ಲಿ ಉಳಿದಿದೆ. ಜಗುಲಿಯ ಅಂಚಿನಲ್ಲಿ ಹಗ್ಗದ ತೂತುಗಳಿವೆ ಎಂದೆಯಲ್ಲ, ಅವು ಯಾವ ಬದಿಗೆ ಸವೆದಿವೆ ನೋಡಿದೆಯಾ?

ಕಾಗಿಣಾ ದಂಡೆ:

ಮೇಸ್ತ್ರಿಗಳೇ, ಇವತ್ತು ಸಂಜೆ ಮತ್ತೆ ಹೋಗಿ ಬಂದೆ. ಪಶ್ಚಿಮದ ಜಗುಲಿಯಲ್ಲಿ ಹದಿನಾಲ್ಕು ತೂತುಗಳಿವೆ. ಎಲ್ಲವೂ ದಕ್ಷಿಣದ ಬದಿಗೇ ಸವೆದಿವೆ, ಬೆರಳು ಇಟ್ಟರೆ ಹಗ್ಗದ ಹಾದಿ ಸಿಗುತ್ತದೆ. ಉತ್ತರದ ಅಂಚು ಮಾತ್ರ ಕಡೆದ ದಿನದಂತೆಯೇ ಚೂಪಾಗಿದೆ.

ಪರಸಿ ಮೇಸ್ತ್ರಿ:

ಕಟ್ಟಿದ ದನ ನೀರಿನ ಕಡೆಗೇ ಜಗ್ಗುತ್ತದೆ. ಹೊಳೆ ನಿಮ್ಮೂರಿಗೆ ಯಾವ ದಿಕ್ಕಿಗಿದೆ?

ಕಾಗಿಣಾ ದಂಡೆ:

ಹೊಳೆ ಉತ್ತರಕ್ಕಿದೆ. ಅಂಗಳದ ದಕ್ಷಿಣದ ಮೂಲೆಯಲ್ಲಿ ಶಾಲೆಯ ಕಾಲದ ಧ್ವಜದ ಕಟ್ಟೆ ಇದೆ. ನಾವು ಓದುವಾಗಲೂ ಅದು ಪ್ರತಿ ಮಳೆಗಾಲಕ್ಕೆ ಒಂದಿಷ್ಟು ಕುಸಿದು ವಾಲುತ್ತಿತ್ತು. ಆಗಸ್ಟ್ 15 ಬಂತೆಂದರೆ ಮಾಸ್ತರರು ಅದರ ಬುಡಕ್ಕೆ ಕಲ್ಲು ತುಂಬಿಸಿ ನೆಟ್ಟಗೆ ಮಾಡಿಸುತ್ತಿದ್ದರು.